ಬಾಣ ಹಾಕಿದ್ದೀಯಲ್ಲ, ತಳ್ಳುತ್ತಿರುವವರು ಯಾರು?

ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯ ಪಾಠ ಮುಗಿದ ಮೇಲೆ ಒಂದು ಪುಟ್ಟ ಪರೀಕ್ಷೆ ಕೊಡುವುದು ನನ್ನ ರೂಢಿ. ಆ ಸಲ ಎರಡೇ ಪ್ರಶ್ನೆ ಕೊಟ್ಟಿದ್ದೆ. ಮೊದಲನೆಯದು ಎಲ್ಲರೂ ನಿರೀಕ್ಷಿಸುವಂಥದ್ದು: ನ್ಯೂಟನ್ನನ ಮೊದಲನೆಯ ನಿಯಮ ಬರೆಯಿರಿ. ಎರಡನೆಯದು ಒಂದು ಚಿತ್ರ. ಹುಡುಗಿಯೊಬ್ಬಳು ಗೋಲಿಯನ್ನು ನೆಟ್ಟಗೆ ಮೇಲಕ್ಕೆ ಎಸೆದಿದ್ದಾಳೆ. ಗೋಲಿ ಕೈ ಬಿಟ್ಟಾಗಿದೆ, ಇನ್ನೂ ಮೇಲೇರುತ್ತಿದೆ. ಈಗ ಅದರ ಮೇಲೆ ಯಾವ ಯಾವ ಬಲಗಳಿವೆ? ಬಾಣ ಹಾಕಿ ತೋರಿಸಿ. ಗಾಳಿಯ ತಡೆಯನ್ನು ಬಿಟ್ಟುಬಿಡಿ.

ಮೊದಲನೆಯದಕ್ಕೆ ಹೆಚ್ಚುಕಮ್ಮಿ ಎಲ್ಲರೂ ಪೂರ್ತಿ ಅಂಕ ತೆಗೆದುಕೊಂಡರು. 'ಬಾಹ್ಯ ಅಸಮತೋಲಿತ ಬಲ ಪ್ರಯೋಗವಾಗದ ಹೊರತು' ನಿಂತದ್ದು ನಿಂತೇ ಇರುತ್ತದೆ, ಓಡುತ್ತಿರುವುದು ಒಂದೇ ವೇಗದಲ್ಲಿ ನೆಟ್ಟಗೆ ಓಡುತ್ತಲೇ ಇರುತ್ತದೆ ಅಂತ ಒಂದಕ್ಷರ ತಪ್ಪದೆ ಬರೆದಿದ್ದರು. ಎರಡನೆಯದರಲ್ಲಿ ಕೆಳಮುಖವಾಗಿ ಒಂದು ಬಾಣ, ಗುರುತ್ವ ಅಂತ. ಅದು ಸರಿ. ಮೇಲ್ಮುಖವಾಗಿ ಇನ್ನೊಂದು ಬಾಣ, ಅದಕ್ಕಿಂತ ದಪ್ಪದ್ದು, ಪಕ್ಕದಲ್ಲಿ 'ಕೈಯ ಬಲ' ಅಂತ ಹೆಸರು. ಒಂದೇ ಹಾಳೆಯ ಮೇಲ್ಭಾಗದಲ್ಲಿ ನ್ಯೂಟನ್, ಕೆಳಭಾಗದಲ್ಲಿ ನ್ಯೂಟನ್ನನಿಗೂ ಮೊದಲಿನ ಕಾಲ. ಬರೆದವರಿಗೆ ಎರಡರ ನಡುವೆ ಜಗಳವಿದೆ ಅಂತ ಅನಿಸಿಯೇ ಇರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಸರ್ಕಾರಿ ಪ್ರೌಢಶಾಲೆ, ಕನ್ನಡ ಮಾಧ್ಯಮ. ಹಳ್ಳಿ ಮಕ್ಕಳಾದ್ದರಿಂದ ಹೀಗೆ ಅಂತ ಯಾರಾದರೂ ಅಂದುಕೊಂಡರೆ ಅದು ತಪ್ಪು. ಅಮೆರಿಕದಲ್ಲಿ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕರು ಇದೇ ಪ್ರಶ್ನೆಯನ್ನು, ಗೋಲಿಯ ಬದಲು ನಾಣ್ಯ ಇಟ್ಟು, ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಳಿದ್ದರು. 1982ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬಹುಪಾಲು ಜನ ಮೇಲ್ಮುಖ ಬಾಣ ಹಾಕಿದ್ದರು. ಭೌತಶಾಸ್ತ್ರದ ಪಾಠ ಕೇಳಿ ಮುಗಿಸಿದವರಲ್ಲೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. ನಮ್ಮ ಶಿಕ್ಷಕರ ಸಭೆಯೊಂದರಲ್ಲಿ ಚಹಾದ ಹೊತ್ತಿಗೆ ನಾನು ಇದೇ ಚಿತ್ರ ಬರೆದು ತೋರಿಸಿದೆ. ಅಲ್ಲೂ ಒಂದೆರಡು ಮೇಲ್ಮುಖ ಬಾಣ ಬಂದವು. ಯಾರದು ಅಂತ ಹೇಳುವುದಿಲ್ಲ.

ಮರುದಿನ ತರಗತಿಯಲ್ಲಿ ಅಂಕದ ಮಾತೆತ್ತದೆ ಸುಮ್ನೆ ಕೇಳಿದೆ, "ಕೈ ಬಿಟ್ಟ ಮೇಲೂ ಕೈಯ ಬಲ ಹೆಂಗೆ ಇರುತ್ತೆ?"

"ಎಸೆಯುವಾಗ ಕೊಟ್ಟಿದ್ದು ಮೇಡಂ. ಗೋಲಿ ಒಳಗೆ ಇರುತ್ತೆ."

"ಆಮೇಲೆ?"

"ಮೇಲೆ ಹೋಗ್ತಾ ಹೋಗ್ತಾ ಖಾಲಿಯಾಗುತ್ತೆ. ಪೂರ್ತಿ ಖಾಲಿಯಾದಾಗ ನಿಲ್ಲುತ್ತೆ. ಆಗ ಗುರುತ್ವ ಕೆಳಗೆ ಎಳ್ಕೊಳ್ಳುತ್ತೆ."

ಇಡೀ ತರಗತಿ ತಲೆಯಾಡಿಸಿತು. ನೋಡಿ, ಇದು ಗೊತ್ತಿಲ್ಲದೆ ಬಾಯಿಗೆ ಬಂದ ಉತ್ತರ ಅಲ್ಲ. ಆದಿ, ಮಧ್ಯ, ಅಂತ್ಯ ಇರುವ ಒಂದು ಪೂರ್ತಿ ವಿವರಣೆ. ಆರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೋಪೋನಸ್ ಹೇಳಿದ್ದು ಸರಿಸುಮಾರು ಇದನ್ನೇ. ಎಸೆದ ಕಲ್ಲನ್ನು ಸುತ್ತಲಿನ ಗಾಳಿಯೇ ತಳ್ಳಿಕೊಂಡು ಹೋಗುತ್ತದೆ ಎಂದು ಅರಿಸ್ಟಾಟಲ್ ಹೇಳಿದ್ದನ್ನು ಆತ ಒಪ್ಪಲಿಲ್ಲ. ಎಸೆದವನು ಕಲ್ಲಿಗೇ ಏನನ್ನೋ ತುಂಬುತ್ತಾನೆ, ಅದು ಹೋಗ್ತಾ ಹೋಗ್ತಾ ತೀರುತ್ತದೆ ಎಂದ. ಹದಿನಾಲ್ಕನೇ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಅದನ್ನು ಇನ್ನಷ್ಟು ತಿದ್ದಿದ: ಆ ಒಳಗಿನದು ತಾನಾಗಿ ತೀರುವುದಿಲ್ಲ, ಎದುರಿನ ತಡೆ ಅದನ್ನು ಕುಂದಿಸುತ್ತದೆ ಎಂದ. ನ್ಯೂಟನ್ನನ ಪುಸ್ತಕ ಬಂದಿದ್ದು 1687ರಲ್ಲಿ. ದೊಡ್ಡ ದೊಡ್ಡ ತಲೆಗಳಿಗೆ ಅಷ್ಟು ಕಾಲ ಹಿಡಿದ ವಿಷಯವನ್ನು ನಾವು ಎರಡು ಪಿರಿಯಡ್‌ನಲ್ಲಿ ಮುಗಿಸಿ, ಮಕ್ಕಳಿಗೆ ಅರ್ಥವಾಗಲಿಲ್ಲ ಅಂತ ಬೈಯುತ್ತೇವೆ.

ಹೀಗೆ ಇದ್ದ ಸ್ಥಿತಿಯಲ್ಲೇ ಮುಂದುವರಿಯುವ ವಸ್ತುವಿನ ಗುಣಕ್ಕೆ ಪಾಠದಲ್ಲಿ ಜಡತ್ವ ಅಂತ ಹೆಸರು. ಜಡತ್ವ ಅಂದ ಕೂಡಲೇ ನಾವೆಲ್ಲ ಮಾಡಿಸುವ ಪ್ರಯೋಗ ಒಂದಿದೆ. ಲೋಟದ ಮೇಲೆ ರಟ್ಟಿನ ಕಾರ್ಡ್, ಅದರ ಮೇಲೆ ನಾಣ್ಯ. ಬೆರಳಿನಿಂದ ಕಾರ್ಡಿಗೆ ಹೊಡೆದರೆ ಕಾರ್ಡ್ ಹಾರುತ್ತದೆ, ನಾಣ್ಯ ಲೋಟಕ್ಕೆ ಬೀಳುತ್ತದೆ. ಮಕ್ಕಳಿಗೆ ಬಹಳ ಇಷ್ಟ. ಆದರೆ ಅದರಿಂದ ಈ ತಪ್ಪು ತಿಳಿವಳಿಕೆ ಒಂದಿಷ್ಟೂ ಅಲುಗಾಡುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಯಾಕೆಂದರೆ ನಾಣ್ಯ ಲೋಟಕ್ಕೆ ಬೀಳುತ್ತದೆ ಅಂತ ಎಲ್ಲರೂ ಮೊದಲೇ ಹೇಳಿಬಿಡುತ್ತಾರೆ. 'ನಾಣ್ಯವನ್ನು ಯಾರೂ ತಳ್ಳಲಿಲ್ಲ, ಅದಕ್ಕೇ ಅಲ್ಲೇ ಇತ್ತು' ಎನ್ನುತ್ತಾರೆ. ತಳ್ಳಿದರೆ ಮಾತ್ರ ಓಡುತ್ತದೆ ಎಂದು ನಂಬಿದವರಿಗೂ ಅದು ಸರಿಯಾಗಿಯೇ ಹೊಂದುತ್ತದೆ. ನಿಂತದ್ದು ನಿಂತೇ ಇರುತ್ತದೆ ಎನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಓಡುತ್ತಿರುವುದು ಯಾರೂ ತಳ್ಳದೆ ಓಡುತ್ತಲೇ ಇರುತ್ತದೆ ಎನ್ನುವುದೇ ಗಂಟಲಲ್ಲಿ ಸಿಕ್ಕಿಕೊಳ್ಳುವ ಮುಳ್ಳು. ಹಾಗಾಗಿ ಮಕ್ಕಳ ಊಹೆ ಖಂಡಿತ ತಪ್ಪಾಗುವ ಪ್ರಯೋಗ ಬೇಕಿತ್ತು.

ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ದಪ್ಪ ಗೆರೆ ಎಳೆಸಿದೆ. ಒಂದು ಸಣ್ಣ ಬಟ್ಟೆ ಚೀಲಕ್ಕೆ ಮರಳು ತುಂಬಿ ಬಾಯಿ ಕಟ್ಟಿದೆವು. ಚೆಂಡಾದರೆ ಪುಟಿದು ಉರುಳುತ್ತದೆ, ಎಲ್ಲಿ ಬಿತ್ತು ಅಂತಲೇ ಜಗಳ ಶುರುವಾಗುತ್ತದೆ. ಮರಳಿನ ಚೀಲ ಬಿದ್ದಲ್ಲೇ ಕೂರುತ್ತದೆ. ಆಟ ಇಷ್ಟೇ: ಓಡಿಕೊಂಡು ಬರಬೇಕು, ಓಡುತ್ತಲೇ ಚೀಲವನ್ನು ಕೈಬಿಡಬೇಕು. ಎಸೆಯಬಾರದು, ಬರೀ ಬಿಡಬೇಕು. ಚೀಲ ಗೆರೆಯ ಮೇಲೆ ಬೀಳಬೇಕು. ಎಲ್ಲಿ ಬಿಡುತ್ತೀರಿ? ಗೆರೆಗಿಂತ ಮೊದಲೋ, ಗೆರೆಯ ನೇರ ಮೇಲೋ, ದಾಟಿದ ಮೇಲೋ?

ಉತ್ತರವನ್ನು ಚೀಟಿಯಲ್ಲಿ ಬರೆದು ಕೊಡಿ ಅಂದೆ. ಕೈ ಎತ್ತಿ ಅಂದರೆ ನಮ್ಮಲ್ಲಿ ಒಂದು ತಮಾಷೆ ನಡೆಯುತ್ತದೆ. ಮೊದಲನೆಯ ಬೆಂಚಿನ ಜಾಣೆ ಯಾವುದಕ್ಕೆ ಕೈ ಎತ್ತುತ್ತಾಳೆ ಅಂತ ನೋಡಿಕೊಂಡು ಉಳಿದವರು ಎತ್ತುತ್ತಾರೆ. ಚೀಟಿಯಲ್ಲಾದರೆ ಅವರವರ ಮನಸ್ಸಿನಲ್ಲಿರುವುದು ಬರುತ್ತದೆ. ಬರೆದು ಕೊಟ್ಟ ಮೇಲೆ 'ನಾನೂ ಅದೇ ಅಂದ್ಕೊಂಡಿದ್ದೆ' ಅಂತ ಜಾರಿಕೊಳ್ಳಲೂ ಆಗುವುದಿಲ್ಲ. ಮೊದಲು ಊಹಿಸು, ಆಮೇಲೆ ನೋಡು, ಆಮೇಲೆ ವಿವರಿಸು ಎನ್ನುವ ಈ ಕ್ರಮವನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಎಂಬ ಶಿಕ್ಷಣ ಸಂಶೋಧಕರು 1992ರ ತಮ್ಮ ಪುಸ್ತಕದಲ್ಲಿ ವಿವರವಾಗಿ ಹೇಳಿದ್ದಾರೆ. ಕೇಳಲು ಸರಳ. ಆದರೆ ಮೊದಲನೆಯ ಹೆಜ್ಜೆಯನ್ನು ಬಿಟ್ಟು ನೇರ ಎರಡನೆಯದಕ್ಕೆ ಹೋಗುವುದೇ ನಮ್ಮ ಅಭ್ಯಾಸ.

ಚೀಟಿಗಳಲ್ಲಿ ಮುಕ್ಕಾಲುಪಾಲು 'ನೇರ ಮೇಲೆ'. ಕೆಲವು 'ದಾಟಿದ ಮೇಲೆ', ಯಾಕೆಂದರೆ ಬಿಟ್ಟ ಚೀಲ ಹಿಂದಕ್ಕೆ ಹೋಗುತ್ತದಂತೆ. ಓಡಿದರು, ಬಿಟ್ಟರು. ಚೀಲ ಗೆರೆ ದಾಟಿ ಎಷ್ಟೋ ಮುಂದೆ ಹೋಗಿ ಬಿತ್ತು. ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸೊಂಟದೆತ್ತರದಿಂದ, ಅಂದರೆ ಸುಮಾರು 1 ಮೀಟರ್‌ನಿಂದ, ಕೆಳಗೆ ಬೀಳಲು 0.45 ಸೆಕೆಂಡ್ ಬೇಕು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅಷ್ಟರಲ್ಲಿ ಚೀಲ ಸುಮಾರು 1.8 ಮೀಟರ್ ಮುಂದೆ ಹೋಗಿರುತ್ತದೆ. ಆದರೆ ಮಕ್ಕಳು ಒಂದು ಪ್ರಯೋಗಕ್ಕೆ ಸೋಲೊಪ್ಪುವವರಲ್ಲ. 'ಅವನು ಎಸೆದ ಮೇಡಂ' ಅಂದರು. ಬೇರೆಯವರು ಓಡಿದರು. 'ಗಾಳಿ ತಳ್ಳಿತು' ಅಂದರು. ಸರಿ, ಗಾಳಿಗೆ ಎದುರಾಗಿ ಓಡಿ ಅಂದೆ. ಆಗಲೂ ಮುಂದೆಯೇ ಬಿತ್ತು.

ಕೊನೆಗೆ ಕೆಲಸಕ್ಕೆ ಬಂದಿದ್ದು ಮೊಬೈಲ್. ಬದಿಯಲ್ಲಿ ನಿಂತು ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿ, ಒಂದೊಂದೇ ಚಿತ್ರ ನಿಲ್ಲಿಸಿ ತೋರಿಸಿದೆ. ಬೆರಳು ಬಿಚ್ಚಿದ ಕ್ಷಣದಿಂದ ನೆಲ ಮುಟ್ಟುವವರೆಗೂ ಚೀಲ ಓಡುವವನ ಪಕ್ಕದಲ್ಲೇ ಇದೆ. ಅವನ ಜೊತೆಗೇ ಮುಂದೆ ಹೋಗುತ್ತಿದೆ, ಹೋಗುತ್ತಲೇ ಕೆಳಗೆ ಇಳಿಯುತ್ತಿದೆ. ಹಿಂದಕ್ಕೆ ಹೋಗುತ್ತದೆ ಅಂದಿದ್ದ ಹುಡುಗಿ ಮೂರು ಸಲ ಹಾಕಿಸಿ ನೋಡಿದಳು. ಆಮೇಲೆ ತಾನೇ ಕೇಳಿದಳು, "ಮುಂದಕ್ಕೆ ಯಾರು ತಳ್ತಿದಾರೆ ಹಂಗಾದ್ರೆ?"

ನಾನು ಉತ್ತರ ಹೇಳಲಿಲ್ಲ. ಪಕ್ಕದವರ ಜೊತೆ ಮಾತಾಡಿಕೊಳ್ಳಿ ಅಂದೆ. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರು 1990ರ ದಶಕದಲ್ಲಿ ಇದನ್ನೇ ಒಂದು ಬೋಧನಾ ವಿಧಾನವಾಗಿ ಬೆಳೆಸಿದರು. ಪ್ರಶ್ನೆ ಕೊಟ್ಟು, ಒಬ್ಬೊಬ್ಬರೇ ಉತ್ತರ ಆರಿಸಿ, ಆಮೇಲೆ ಅಕ್ಕಪಕ್ಕದವರ ಜೊತೆ ವಾದ ಮಾಡಿ, ಮತ್ತೆ ಉತ್ತರಿಸುವುದು. ಈಗಷ್ಟೇ ಅರ್ಥ ಮಾಡಿಕೊಂಡ ಹುಡುಗನಿಗೆ ಎಲ್ಲಿ ಎಡವುತ್ತಾರೆ ಅಂತ ನೆನಪಿರುತ್ತದೆ, ಮೇಷ್ಟ್ರಿಗೆ ಅದು ಎಂದೋ ಮರೆತುಹೋಗಿರುತ್ತದೆ. ನಮ್ಮಲ್ಲಿ ಇದರಿಂದ ಗಲಾಟೆ ಜಾಸ್ತಿ. ಪಕ್ಕದ ತರಗತಿಯ ಸಮಾಜ ವಿಜ್ಞಾನದ ಮೇಷ್ಟ್ರು ಬಂದು ಇಣುಕಿ ನೋಡಿ ಹೋದದ್ದೂ ಉಂಟು.

ಮುಂದಿನ ಪ್ರಶ್ನೆ ಕೇರಂ ಬೋರ್ಡಿನದು. ಬೋರ್ಡಿಗೆ ಪೌಡರ್ ಹಾಕದೆ ಸ್ಟ್ರೈಕರ್ ಹೊಡೆದರೆ ಇಷ್ಟು ದೂರ. ಪೌಡರ್ ಹಾಕಿ ಅಷ್ಟೇ ಹೊಡೆದರೆ? ಇದಕ್ಕೆ ಪ್ರಯೋಗವೇ ಬೇಕಿಲ್ಲ, ಎಲ್ಲರಿಗೂ ಗೊತ್ತು. ಆಗ ಕೇಳಿದೆ, "ಸ್ಟ್ರೈಕರ್ ಒಳಗೆ ಬಲ ತುಂಬಿರುತ್ತೆ, ಅದು ಖಾಲಿಯಾದಾಗ ನಿಲ್ಲುತ್ತೆ ಅಂದ್ರಲ್ಲ. ಪೌಡರ್ ಹಾಕಿದ್ದು ಬೋರ್ಡಿಗೆ. ಸ್ಟ್ರೈಕರ್ ಒಳಗಿನ ಬಲ ಹೆಂಗೆ ಜಾಸ್ತಿ ಆಯ್ತು?"

ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಒಬ್ಬ, "ಒಳಗಿಂದಲ್ಲ ಮೇಡಂ, ಬೋರ್ಡು ಹಿಡ್ಕೊಳ್ಳೋದು ಕಮ್ಮಿ ಆಯ್ತು" ಅಂದ. ಇಷ್ಟು ದಿನ ಸ್ಟ್ರೈಕರ್ ಯಾಕೆ ಓಡುತ್ತೆ ಅಂತ ಕೇಳುತ್ತಿದ್ದೆವು. ಈಗ ಯಾಕೆ ನಿಲ್ಲುತ್ತೆ ಅಂತ ಕೇಳುವಂತಾಯಿತು. ಗೆಲಿಲಿಯೊ ಇಳಿಜಾರು ಹಲಗೆಗಳ ಮೇಲೆ ಗುಂಡು ಉರುಳಿಸಿ ಯೋಚಿಸಿದ್ದು ಇದೇ ದಿಕ್ಕಿನಲ್ಲಿ. ಇಳಿದ ಗುಂಡು ಎದುರಿನ ಏರನ್ನು ಹೆಚ್ಚುಕಮ್ಮಿ ಅದೇ ಎತ್ತರದವರೆಗೆ ಹತ್ತುತ್ತದೆ. ಏರನ್ನು ತಗ್ಗಿಸುತ್ತಾ ಹೋದರೆ ಆ ಎತ್ತರ ಮುಟ್ಟಲು ಅದು ಇನ್ನೂ ದೂರ ಓಡಬೇಕು. ಏರೇ ಇಲ್ಲದಿದ್ದರೆ? ವೈರಿಂಗ್ ಪೈಪನ್ನು ಉದ್ದಕ್ಕೆ ಸೀಳಿ ಕಾಲುವೆ ಮಾಡಿ, ಅದರಲ್ಲಿ ಗೋಲಿ ಬಿಟ್ಟು ಇದನ್ನೂ ಮಾಡಿಸಿದೆ. ಹಳೆಯ ಸಿ.ಡಿ., ಬಾಟಲಿ ಮುಚ್ಚಳ, ಬಲೂನು ಸೇರಿಸಿ ನೆಲದ ಮೇಲೆ ತೇಲುವ ಆಟಿಕೆಯನ್ನೂ ಮಾಡಿದರು. ಒಮ್ಮೆ ಮೆಲ್ಲಗೆ ತಳ್ಳಿದರೆ ಗೋಡೆಯವರೆಗೆ ಒಂದೇ ಸಮ ಹೋಗುತ್ತದೆ. 'ಬಲೂನಿನ ಗಾಳಿ ತಳ್ಳುತ್ತಿದೆ' ಅಂತ ಒಬ್ಬಳು ಒಳ್ಳೆಯ ತಕರಾರು ತೆಗೆದಳು. ಹಾಗಾದರೆ ತಳ್ಳದೆ ಬಿಟ್ಟು ನೋಡು ಅಂದೆ. ನಿಂತಲ್ಲೇ ನಿಂತಿತು.

ಇಷ್ಟಾದರೂ ಸೈಕಲ್ ಬಿಡಲಿಲ್ಲ. "ನನ್ನ ಸೈಕಲ್ ತುಳಿಯೋದು ನಿಲ್ಲಿಸಿದ್ರೆ ನಿಲ್ಲುತ್ತೆ. ಒಂದೇ ಸ್ಪೀಡಲ್ಲಿ ಹೋಗ್ಬೇಕಾದ್ರೂ ತುಳೀತಾನೇ ಇರ್ಬೇಕು. ಬಲ ಬೇಡ ಅಂದ್ರೆ ಹೆಂಗೆ?" ಈ ಪ್ರಶ್ನೆಗೆ 'ಘರ್ಷಣೆ ಇದೆಯಲ್ಲ' ಅಂತ ಹೇಳಿ ಮುಗಿಸಬಹುದು. ಮಕ್ಕಳ ಕಿವಿಗೆ ಅದು ನೆಪದ ಹಾಗೆ ಕೇಳುತ್ತದೆ. ಘರ್ಷಣೆಯೂ ಒಂದು ಬಲ, ಹಿಂದಕ್ಕೆ ಎಳೆಯುವ ನಿಜವಾದ ಬಲ ಎನ್ನುವುದು ಅವರಿಗೆ ಕೈಯಲ್ಲಿ ಗೊತ್ತಾಗಬೇಕು.

ಅದಕ್ಕೆ ಸ್ಪ್ರಿಂಗ್ ತ್ರಾಸು ಹಿಡಿದೆವು. ಮರದ ತುಂಡಿನ ಮೇಲೆ ಎರಡು ಪುಸ್ತಕ ಹೇರಿ, ಕೊಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಒಂದೇ ವೇಗದಲ್ಲಿ ಎಳೆಯಬೇಕು. ಮೊದಲು ನಿಧಾನವಾಗಿ, ಆಮೇಲೆ ಅದರ ಎರಡರಷ್ಟು ವೇಗದಲ್ಲಿ. ಮುಳ್ಳು ಎಷ್ಟು ತೋರಿಸುತ್ತದೆ? ಚೀಟಿಗಳು ಬಹುತೇಕ ಒಂದೇ ದನಿಯಲ್ಲಿ 'ಎರಡರಷ್ಟು' ಅಂದವು. ಎಳೆದರು. ಹೊರಡುವಾಗ ಮುಳ್ಳು ಸ್ವಲ್ಪ ಜಾಸ್ತಿ ಹೋಗಿ, ಆಮೇಲೆ ಇಳಿದು ನಿಂತಿತು. ನಿಧಾನ ಎಳೆದರೂ ಬೇಗ ಎಳೆದರೂ ಹೆಚ್ಚುಕಮ್ಮಿ ಅದೇ ಗೆರೆ.

"ತ್ರಾಸು ಹಾಳಾಗಿದೆ ಮೇಡಂ."

ಬೇರೆ ತ್ರಾಸು ಕೊಟ್ಟೆ. ಅದೂ 'ಹಾಳಾಗಿತ್ತು'. ಮೇಜಿಗೆ ಮರಳು ಉದುರಿಸಿದೆವು, ಮುಳ್ಳು ಏರಿತು. ಪುಸ್ತಕ ಒಂದನ್ನು ತೆಗೆದೆವು, ಇಳಿಯಿತು. ಅಂದರೆ ಮುಳ್ಳು ತೋರಿಸುತ್ತಿರುವುದು ತುಂಡಿನ ವೇಗವನ್ನಲ್ಲ, ಮೇಜು ಹಿಂದಕ್ಕೆ ಎಷ್ಟು ಎಳೆಯುತ್ತಿದೆ ಎನ್ನುವುದನ್ನು. ಮುಂದಕ್ಕೆ ನಾವು ಎಳೆದದ್ದು, ಹಿಂದಕ್ಕೆ ಮೇಜು ಎಳೆದದ್ದು, ಎರಡೂ ಸಮ. ಮಿಕ್ಕಿದ್ದು ಸೊನ್ನೆ. ಸೊನ್ನೆ ಬಲದಲ್ಲಿ ಒಂದೇ ವೇಗ. ನನ್ನ ಅನುಭವದಲ್ಲಿ ಈ ಪಾಠದ ಅತ್ಯಂತ ಬೆಲೆಬಾಳುವ ಪಿರಿಯಡ್ ಇದು. ಇದನ್ನು ಪ್ರತಿ ವರ್ಷ ಮಾಡುತ್ತೇನೆ, ಬೇರೆ ಏನನ್ನು ಬಿಟ್ಟರೂ.

ಇನ್ನು ಘಾಟಿ. ನಮ್ಮ ಮಕ್ಕಳಿಗೆ ಆಗುಂಬೆ ಘಾಟಿಯ ತಿರುವುಗಳು ಹೊಟ್ಟೆಯಲ್ಲೇ ಗೊತ್ತು. ಬಸ್ ತಿರುಗಿದಾಗ ಮೈಯನ್ನು 'ಹೊರಕ್ಕೆ ಎಳೆಯುತ್ತೆ' ಅನ್ನುತ್ತಾರೆ. ಯಾರು ಎಳೆಯುವುದು ಅಂದರೆ, 'ಜಡತ್ವದ ಬಲ'. ಜಡತ್ವವನ್ನು ಒಂದು ಬಲ ಮಾಡಿಬಿಡುವ ಈ ತಪ್ಪು ಗೋಲಿಯ ತಪ್ಪಿಗಿಂತ ಮೊಂಡು, ಯಾಕೆಂದರೆ ಅದು ಪಾಠದ ಪದ ತೊಟ್ಟುಕೊಂಡು ಬರುತ್ತದೆ. ಎಷ್ಟೋ ಸಲ ಪರೀಕ್ಷೆಯಲ್ಲಿ ಅಂಕವೂ ಸಿಕ್ಕಿಬಿಡುತ್ತದೆ.

ಇದಕ್ಕೆ ಒಂದು ಪ್ಲಾಸ್ಟಿಕ್ ಬಳೆ ಸಾಕು. ಬಳೆಯಲ್ಲಿ ಕಾಲುಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿದೆ. ಸುತ್ತ ಸೀಮೆಸುಣ್ಣದ ಪುಡಿ ತೆಳ್ಳಗೆ ಹರಡಿದೆ. ಬಳೆಯ ಒಳಅಂಚಿಗೆ ತಾಗಿ ಗೋಲಿಯನ್ನು ಬೆರಳಿಂದ ಚಿಮ್ಮಿದರೆ ಅದು ಸುತ್ತುತ್ತಾ ಬಂದು ತೆರೆದ ಬಾಯಿಯಿಂದ ಹೊರಗೆ ಹೋಗುತ್ತದೆ. ಹೇಗೆ ಹೋಗುತ್ತದೆ? ಕಪ್ಪುಹಲಗೆಯಲ್ಲಿ ಮೂರು ದಾರಿ ಬರೆದೆ. ಒಂದು, ಬಳೆಯ ಹಾಗೇ ಬಾಗುತ್ತಾ. ಎರಡು, ಬಾಯಿ ದಾಟಿದಲ್ಲಿಂದ ನೆಟ್ಟಗೆ. ಮೂರು, ಕೇಂದ್ರದಿಂದ ಹೊರಕ್ಕೆ ಚಿಮ್ಮಿ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮೆಕ್‌ಕ್ಲಾಸ್ಕಿ ಮತ್ತು ಜೊತೆಗಾರರು ಬಳೆಯ ಬದಲು ಬಾಗಿದ ಕೊಳವೆಯ ಚಿತ್ರ ಕೊಟ್ಟು 1980ರ ಸುಮಾರಿಗೆ ಇದನ್ನು ಕೇಳಿದ್ದರು. ಅಲ್ಲಿನ ಕಾಲೇಜು ಹುಡುಗರಲ್ಲೂ ಬಹಳ ಜನ ಬಾಗಿದ ದಾರಿ ಬರೆದಿದ್ದರು. ನಮ್ಮಲ್ಲಿ ಒಂದು ಮತ್ತು ಮೂರಕ್ಕೆ ಮತ ಹಂಚಿಹೋಯಿತು. 'ತಿರುಗಿ ತಿರುಗಿ ಅಭ್ಯಾಸ ಆಗಿರುತ್ತೆ ಮೇಡಂ' ಅಂದ ಒಬ್ಬ. ಗೋಲಿ ಹೋಯಿತು. ಪುಡಿಯಲ್ಲಿ ಗೆರೆ ಬಿತ್ತು. 'ಸ್ವಲ್ಪ ಬಗ್ಗಿದೆ' ಅಂತ ವಾದ. ಸ್ಕೇಲ್ ಇಟ್ಟು ನೋಡಿ ಅಂದೆ. ಸ್ಕೇಲಿನ ಅಂಚಿಗೆ ಗೆರೆ ಸರಿಯಾಗಿ ಕೂತಿತು.

ಅಲ್ಲಿಂದ ಬಸ್ಸಿಗೆ ಮರಳುವುದು ಸುಲಭ. ಗೋಲಿಯನ್ನು ಒಳಕ್ಕೆ ಒತ್ತಿ ತಿರುಗಿಸುತ್ತಿದ್ದದ್ದು ಬಳೆ. ಬಳೆ ಇಲ್ಲದಿದ್ದರೆ ಗೋಲಿ ನೆಟ್ಟಗೆ. ಬಸ್ಸಿನಲ್ಲಿ ನೀವು ಗೋಲಿ, ಬಸ್ಸಿನ ಬದಿ ಬಳೆ. ನೀವು ನೆಟ್ಟಗೆ ಹೋಗುತ್ತಿರುತ್ತೀರಿ, ಬಸ್ ತಿರುಗಿ ಅದರ ಬದಿ ನಿಮ್ಮ ಭುಜಕ್ಕೆ ಬಂದು ಒತ್ತುತ್ತದೆ. ಕಿಟಕಿ ಪಕ್ಕ ಕೂತವರ ಭುಜ ನೋಯುವುದು ಒಳಮುಖದ ಒತ್ತಡದಿಂದ. ಹೊರಕ್ಕೆ ಎಳೆಯುವವರು ಯಾರೂ ಇಲ್ಲ. ಇದನ್ನು ಒಪ್ಪಿಕೊಂಡ ಹುಡುಗಿಯೊಬ್ಬಳು, "ಆದ್ರೂ ಎಳೆದಂಗೇ ಆಗುತ್ತಲ್ಲ ಮೇಡಂ" ಅಂದಳು. ಹೌದು, ನನಗೂ ಹಾಗೇ ಆಗುತ್ತದೆ. ತಿಳಿದುಕೊಂಡರೆ ಹಾಗೆ ಅನಿಸುವುದು ನಿಲ್ಲುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಇಷ್ಟು ಹೊತ್ತಿಗೆ ತರಗತಿಯಲ್ಲಿ ಒಂದು ಕಟ್ಟಳೆ ತಂದಿದ್ದೆ. ಚಿತ್ರದಲ್ಲಿ ಬಾಣ ಹಾಕಿದರೆ ಪಕ್ಕದಲ್ಲಿ ಹೆಸರು ಬರೆಯಬೇಕು: ಯಾರು, ಯಾರ ಮೇಲೆ. 'ಭೂಮಿ, ಗೋಲಿಯ ಮೇಲೆ' ಆಗಬಹುದು. 'ಮೇಜು, ಪುಸ್ತಕದ ಮೇಲೆ' ಆಗಬಹುದು. ತಳ್ಳುವ ವಸ್ತು ಈ ಕ್ಷಣ ಮುಟ್ಟುತ್ತಿರಬೇಕು. ಮುಟ್ಟದೆ ಎಳೆಯಲು ಮೂವರಿಗೆ ಮಾತ್ರ ಪರವಾನಗಿ: ಭೂಮಿ, ಅಯಸ್ಕಾಂತ, ತಲೆಗೆ ಉಜ್ಜಿದ ಬಾಚಣಿಗೆ. ಹೆಸರು ಸಿಗದಿದ್ದರೆ ಬಾಣ ಅಳಿಸಬೇಕು. 'ಜಡತ್ವ, ಹುಡುಗನ ಮೇಲೆ' ಅಂತ ಬರೆಯಲು ಹೊರಟವರಿಗೆ ಜಡತ್ವವನ್ನು ಕರೆದುಕೊಂಡು ಬಾ ಅನ್ನುತ್ತಿದ್ದೆ. ನಕ್ಕು ಅಳಿಸುತ್ತಿದ್ದರು. ಗೋಲಿಯ ಚಿತ್ರದಲ್ಲಿ ಕೈ ಮುಟ್ಟುತ್ತಿಲ್ಲ, ಬಾಣ ಹೋಯಿತು.

ಆದರೆ ಬಾಣ ಅಳಿಸಿದ ಮಾತ್ರಕ್ಕೆ ಮನಸ್ಸಿನಲ್ಲಿರುವುದು ಅಳಿಯುವುದಿಲ್ಲ. "ಕೈ ಏನೂ ಕೊಡ್ಲೇ ಇಲ್ವಾ ಹಂಗಾದ್ರೆ?" ಅಂತ ಕೇಳಿದವನ ಮುಖದಲ್ಲಿ ಮೋಸ ಹೋದ ಭಾವನೆ ಇತ್ತು. ಇಲ್ಲಿ ಮೇಷ್ಟ್ರಾದವರು ಜಾಗ್ರತೆಯಿಂದ ಇರಬೇಕು ಅನ್ನುವುದು ನನ್ನ ಮಾತು. ಎಸೆದ ಗೋಲಿಯಲ್ಲಿ ಏನೋ ಇದೆ ಎನ್ನುವ ಅವನ ಅನಿಸಿಕೆ ಪೂರ್ತಿ ಸುಳ್ಳಲ್ಲ. ಅದು ಬಲ ಅಲ್ಲ ಅಷ್ಟೇ. ಕೈ ಕೊಟ್ಟದ್ದು ವೇಗ. ರಾಶಿಯನ್ನು, ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣವನ್ನು, ವೇಗದಿಂದ ಗುಣಿಸಿದರೆ ಸಿಗುವುದಕ್ಕೆ ಪಾಠಪುಸ್ತಕದ ಮುಂದಿನ ಪುಟದಲ್ಲಿ ಸಂವೇಗ ಅಂತ ಹೆಸರಿದೆ. ಅದು ತಾನಾಗಿ ಖಾಲಿಯಾಗುವುದಿಲ್ಲ, ಹೊರಗಿನವರು ಯಾರಾದರೂ ಬದಲಾಯಿಸಬೇಕು. ಗೋಲಿಗೆ ಆ ಹೊರಗಿನವರು ಭೂಮಿ, ಸ್ಟ್ರೈಕರ್‌ಗೆ ಬೋರ್ಡು. ಮಕ್ಕಳು ಹೇಳುವುದನ್ನು ಕಿತ್ತುಕೊಂಡು ಬೇರೆಯದನ್ನು ಕೊಟ್ಟರೆ ತರಗತಿಯಿಂದ ಆಚೆ ಹೋಗುತ್ತಲೇ ಹಳೆಯದನ್ನು ಹುಡುಕಿಕೊಳ್ಳುತ್ತಾರೆ. ಅವರದ್ದಕ್ಕೇ ಸರಿಯಾದ ಹೆಸರು ಕೊಟ್ಟರೆ ಇಟ್ಟುಕೊಳ್ಳುತ್ತಾರೆ.

ಜಡತ್ವಕ್ಕೂ ರಾಶಿಗೂ ಇರುವ ನಂಟನ್ನು ತೋರಿಸಲು ಮಾವಿನ ಮರ ನೆರವಾಯಿತು. ಭಾರದ್ದನ್ನು ತಳ್ಳುವುದು ಕಷ್ಟ, ಅದು ನೆಲಕ್ಕೆ ಒತ್ತಿಕೊಂಡಿರುತ್ತದೆ ಎನ್ನುವುದು ಮಕ್ಕಳ ತರ್ಕ. ಹಾಗಾದರೆ ನೆಲವನ್ನೇ ತೆಗೆದುಬಿಡೋಣ ಅಂದೆ. 20 ಲೀಟರಿನ ಎರಡು ಕ್ಯಾನ್‌ಗಳನ್ನು ಉದ್ದ ಹಗ್ಗದಲ್ಲಿ ಕೊಂಬೆಗೆ ತೂಗುಹಾಕಿದೆವು. ಒಂದು ಖಾಲಿ, ಇನ್ನೊಂದರಲ್ಲಿ ಬಾಯಿವರೆಗೆ ನೀರು. ಅಂಗೈಯಿಂದ ತಟಕ್ಕನೆ ಅಡ್ಡಕ್ಕೆ ತಳ್ಳಿದರೆ ಖಾಲಿಯದು ಹಾರುತ್ತದೆ, ತುಂಬಿದ್ದು ಜಪ್ಪಯ್ಯ ಅನ್ನುವುದಿಲ್ಲ. ಅಲ್ಲಿ ನೆಲವೂ ಇಲ್ಲ, ಉಜ್ಜುವುದೂ ಇಲ್ಲ. ಆಮೇಲೆ ತೂಗಾಡುವ ತುಂಬಿದ ಕ್ಯಾನನ್ನು ತಡೆದು ನಿಲ್ಲಿಸಲು ಹೇಳಿದೆ. ಕೈ ಹಿಂದಕ್ಕೆ ಹೋಯಿತು. ಹೊರಡಲು ಎಷ್ಟು ಹಟವೋ ನಿಲ್ಲಲೂ ಅಷ್ಟೇ ಹಟ. ನಿಂತದ್ದಕ್ಕೆ ಮಾತ್ರ ಜಡತ್ವ ಅಂದುಕೊಂಡಿದ್ದವರಿಗೆ ಇದು ಕೈಗೇ ತಾಗಿತು.

ಪೋರ್ಷನ್ ಹಿಂದೆ ಬಿತ್ತು. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಮುಖ್ಯ ಶಿಕ್ಷಕರು ಒಳ್ಳೆಯವರು, ಆದರೂ 'ಮೇಡಂ, ಧ್ವನಿ ಪಾಠ ಯಾವಾಗ?' ಅಂತ ಕೇಳಿದರು. ಶನಿವಾರದ ಬೆಳಗಿನ ತರಗತಿಗಳನ್ನು ಹಿಡಿದು ಸರಿಮಾಡಿಕೊಂಡೆ.

ಮಂಗಳಯಾನದ ಮಾತು ಬಂದದ್ದು ಆ ಶನಿವಾರಗಳಲ್ಲೇ. ರಾಕೆಟ್ ಎಂಜಿನ್ ದಾರಿಯುದ್ದಕ್ಕೂ ಉರಿಯುತ್ತಿರುತ್ತದೆ ಅಂತ ಎಲ್ಲರ ನಂಬಿಕೆ. ನಿಜ ಏನೆಂದರೆ, 2013ರ ನವೆಂಬರ್ 5ಕ್ಕೆ ಹಾರಿದ ನೌಕೆ ಡಿಸೆಂಬರ್ 1ರಂದು ಸುಮಾರು 22 ನಿಮಿಷ ಎಂಜಿನ್ ಉರಿಸಿ ಭೂಮಿಯ ಕಕ್ಷೆ ಬಿಟ್ಟಿತು. ಆಮೇಲೆ ಹೆಚ್ಚುಕಮ್ಮಿ 300 ದಿನ ಆ ಮುಖ್ಯ ಎಂಜಿನ್ ನಿದ್ದೆ ಮಾಡುತ್ತಿತ್ತು. ದಾರಿ ತಿದ್ದಲು ಪುಟ್ಟ ಎಂಜಿನ್‌ಗಳನ್ನು ಆಗೊಮ್ಮೆ ಈಗೊಮ್ಮೆ ಬಳಸಿದ್ದು ಬಿಟ್ಟರೆ ಯಾರೂ ತಳ್ಳಲಿಲ್ಲ. ಸೂರ್ಯನ ಎಳೆತ ದಾರಿಯನ್ನು ಬಾಗಿಸುತ್ತಿತ್ತು, ಅಷ್ಟೇ. ಬೆಂಗಳೂರಿನ ಇಸ್ರೊ ಕೇಂದ್ರದಿಂದ, ಬ್ಯಾಲಾಳುವಿನ ದೊಡ್ಡ ಆಂಟೆನಾ ಮೂಲಕ ಅದರ ಜೊತೆ ಮಾತುಕತೆ ನಡೆಯುತ್ತಿತ್ತು. 2014ರ ಸೆಪ್ಟೆಂಬರ್ 22ಕ್ಕೆ ಎಂಜಿನ್ ಏಳುತ್ತದೋ ಇಲ್ಲವೋ ಅಂತ ಸುಮಾರು 4 ಸೆಕೆಂಡ್ ಉರಿಸಿ ನೋಡಿದರು. 24ಕ್ಕೆ ಸುಮಾರು 24 ನಿಮಿಷ ಉರಿಸಿದರು. ಯಾಕೆ ಗೊತ್ತಾ ಅಂತ ಕೇಳಿದೆ. 'ಮಂಗಳ ಮುಟ್ಟೋಕೆ' ಅಂದರು. ಅಲ್ಲ, ವೇಗ ಕಡಿಮೆ ಮಾಡಲು. ಇಲ್ಲದಿದ್ದರೆ ಮಂಗಳವನ್ನು ದಾಟಿ ಹೊರಟುಹೋಗುತ್ತಿತ್ತು. ಎಂಜಿನ್ ಇರುವುದು ಬ್ರೇಕ್ ಹಾಕೋಕೂ ಅಂತ ಕೇಳಿ ಮಕ್ಕಳಿಗೆ ನಗು.

ಕೆಲವು ವಾರ ಬಿಟ್ಟು, ಯಾವ ಮುನ್ಸೂಚನೆಯನ್ನೂ ಕೊಡದೆ ಗೋಲಿಯ ಪ್ರಶ್ನೆಯನ್ನು ಮತ್ತೆ ಕೊಟ್ಟೆ. ಈ ಸಲ ಚಿತ್ರದಲ್ಲಿ ಕ್ರಿಕೆಟ್ ಚೆಂಡು, ಬೌಂಡರಿಯತ್ತ ಗಾಳಿಯಲ್ಲಿ ಹಾರುತ್ತಿರುವುದು. ಹೆಚ್ಚಿನವರು ಕೆಳಮುಖ ಬಾಣ ಒಂದನ್ನೇ ಹಾಕಿದ್ದರು, ಪಕ್ಕದಲ್ಲಿ 'ಭೂಮಿ, ಚೆಂಡಿನ ಮೇಲೆ'. ಕೆಲವರು ಮತ್ತೆ ಬ್ಯಾಟಿನ ಬಾಣ ಹಾಕಿದ್ದರು. ಅವರಲ್ಲಿ ಇಬ್ಬರು ತ್ರಾಸಿನ ಪ್ರಯೋಗವನ್ನು ಎಲ್ಲರಿಗಿಂತ ಚೆನ್ನಾಗಿ ವಿವರಿಸಿದವರು. ಮೇಜಿನ ಮೇಲೆ ಒಪ್ಪಿದ್ದು ಮೈದಾನಕ್ಕೆ ಬಂದಾಗ ಮತ್ತೆ ಹಳೆಯದಾಗುತ್ತದೆ. ಹೊಸ ಜಾಗದಲ್ಲಿ ಹೊಸದಾಗಿ ಕೇಳಬೇಕು, ಬೇರೆ ದಾರಿ ನನಗೆ ಕಂಡಿಲ್ಲ.

ಅದೇ ವಾರ ಒಬ್ಬ ಹುಡುಗ ಕೇಳಿದ ಪ್ರಶ್ನೆ ಈಗ ನನ್ನ ಪಾಠದ ಕೊನೆಯ ಪಿರಿಯಡ್ ಆಗಿಬಿಟ್ಟಿದೆ. "ಭೂಮಿ ಅಷ್ಟು ಜೋರಾಗಿ ತಿರುಗ್ತಿದ್ರೆ, ಮೇಲೆ ಎಸೆದ ಚೆಂಡು ಮತ್ತೆ ಕೈಗೇ ಯಾಕೆ ಬೀಳುತ್ತೆ?" ನಮ್ಮ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ ಸುಮಾರು 450 ಮೀಟರ್ ಪೂರ್ವಕ್ಕೆ ಹೋಗುತ್ತಿರುತ್ತದೆ. ಚೆಂಡು ಒಂದು ಸೆಕೆಂಡ್ ಮೇಲಿದ್ದರೂ ಅರ್ಧ ಕಿಲೋಮೀಟರಿನಷ್ಟು ಹಿಂದೆ ಬೀಳಬೇಕಲ್ಲ? ಇದು ಹಳೆಯ ಪ್ರಶ್ನೆ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ ಅಂತ ಆರ್ಯಭಟ 499ರಲ್ಲಿ ಹೇಳಿದ. ಮುಂದೆ ಹೋಗುವ ದೋಣಿಯಲ್ಲಿ ಕೂತವನಿಗೆ ದಡದ ವಸ್ತುಗಳು ಹಿಂದೆ ಹೋಗುವಂತೆ ಕಾಣುತ್ತವೆ, ನಕ್ಷತ್ರಗಳೂ ಹಾಗೇ ಎಂದ. ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿಗಳು ತಮ್ಮ ಗೂಡಿಗೆ ಮರಳುವುದು ಹೇಗೆ ಅಂತ ಕೇಳಿದ. ನಮ್ಮ ಹುಡುಗನ ತಕರಾರೂ ಅದೇ.

ಹುಡುಗನಿಗೆ ಇದನ್ನು ಹೇಳಿದಾಗ ಅವನ ಎದೆ ಉಬ್ಬಿತು. ಉತ್ತರವನ್ನು ನೀವೇ ಕಂಡುಕೊಂಡು ಬನ್ನಿ ಅಂತ ಕಳಿಸಿದೆ. ಬಸ್ಸಿನಲ್ಲಿ ಬರುವವರು ನೆಟ್ಟಗಿನ ರಸ್ತೆಯಲ್ಲಿ ನಾಣ್ಯ ಚಿಮ್ಮಿ ಹಿಡಿದು ನೋಡಿಕೊಂಡು ಬಂದರು. ಕೈಗೇ ಬಿತ್ತಂತೆ. ಮರಳಿನ ಚೀಲದ ವಿಡಿಯೊ ಮೂರು ಸಲ ನೋಡಿದ್ದ ಹುಡುಗಿ ಎದ್ದು, ಹಕ್ಕಿ ಗೂಡು ಬಿಡುವಾಗಲೇ ಅದಕ್ಕೆ ಭೂಮಿಯ ವೇಗ ಇತ್ತು, ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಸುತ್ತಲಿನ ಗಾಳಿಗೂ ಅದೇ ವೇಗ ಇದೆ ಅಂದಳು. ಹುಡುಗ ಬಿಡಲಿಲ್ಲ. "ನಾಣ್ಯ ಮೇಲಿರುವಾಗ ಡ್ರೈವರ್ ಬ್ರೇಕ್ ಹಾಕಿದ್ರೆ?" ಅಂದ. ನಾನು ಚೀಟಿ ಹಂಚಿದೆ.